ಕರಾರಿನ ಮೂರು ವರ್ಷ: ಕೊಲಂಬಿಯಾದಲ್ಲಿ ವಿದ್ಯಾರ್ಥಿ ಅಂಬೇಡ್ಕರ್

ಭೀಮರಾವ್ ರಾಮ್‌ಜಿ ಅಂಬೇಡ್ಕರ್ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಅವಧಿ 1913ರ ಜುಲೈಯಿಂದ 1916ರ ಬೇಸಿಗೆಯವರೆಗಿನ ಮೂರೇ ವರ್ಷಗಳದ್ದು. ಅವರ ಬದುಕನ್ನು ಕುರಿತ ಜನಪ್ರಿಯ ಬರಹಗಳು ಈ ಅವಧಿಯನ್ನು ಬಹುಮಟ್ಟಿಗೆ ಒಂದೇ ಬಗೆಯಲ್ಲಿ ನಿರೂಪಿಸುತ್ತವೆ: ಊರಿನ ನೀರನ್ನೂ ಮುಟ್ಟಲಾಗದಿದ್ದ ಸಮುದಾಯದ ಯುವಕ ಸಮಾನತೆಯ ನಾಡಿಗೆ ಕಾಲಿಟ್ಟ, ಹಗಲಿರುಳೆನ್ನದೆ ಓದಿದ, ಪದವಿಗಳನ್ನು ಪಡೆದು ಮರಳಿದ. ಈ ನಿರೂಪಣೆ ಪೂರ್ತಿ ಸುಳ್ಳೇನಲ್ಲ. ಆದರೆ ಅಲ್ಲಿ ಅವರು ಏನನ್ನು ಓದಿದರು, ಯಾರ ಹಣದಲ್ಲಿ ಮತ್ತು ಯಾವ ಷರತ್ತಿಗೆ ಒಳಪಟ್ಟು ಓದಿದರು, ಆ ಓದಿನ ರೀತಿ ಅವರ ಆಲೋಚನೆಯನ್ನು ಯಾವ ದಿಕ್ಕಿಗೆ ತಿರುಗಿಸಿತು ಎಂಬ ಪ್ರಶ್ನೆಗಳು ಅದರಲ್ಲಿ ಹಿಂದೆ ಸರಿಯುತ್ತವೆ. ಕೊಲಂಬಿಯಾ ಅವರಿಗೆ ಕೊಟ್ಟದ್ದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಒಂದು ವಿಚಾರಣಾ ಕ್ರಮ ಎಂಬುದು ಈ ಉಪನ್ಯಾಸದ ವಾದ. ಹುಟ್ಟಿನಿಂದ ಅನುಭವಿಸಿಕೊಂಡು ಬಂದ ಸಂಕಟವನ್ನು ಕಾರಣ, ರಚನೆ, ಕಾರ್ಯವಿಧಾನಗಳುಳ್ಳ ಒಂದು ಸಾಮಾಜಿಕ ಸಂಸ್ಥೆಯಾಗಿ ಎದುರಿಗಿಟ್ಟುಕೊಂಡು ಪರೀಕ್ಷಿಸುವ ಶಿಸ್ತು ಅವರಿಗೆ ಒದಗಿದ್ದು ಅಲ್ಲಿ.

ಮೊದಲು ಹಣದ ವಿಚಾರವನ್ನು ನೋಡಬೇಕು, ಏಕೆಂದರೆ ವಿದೇಶದಲ್ಲಿ ಓದುವವನ ದಿನಚರಿಯನ್ನೂ ಅವನು ಆರಿಸಿಕೊಳ್ಳುವ ವಿಷಯವನ್ನೂ ಹಣ ಬಂದ ಮೂಲವೇ ಬಹಳಷ್ಟು ಮಟ್ಟಿಗೆ ನಿರ್ಧರಿಸುತ್ತದೆ. ಬೊಂಬಾಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1912ರಲ್ಲಿ ಬಿ.ಎ. ಪದವಿ ಪಡೆದ ಅಂಬೇಡ್ಕರ್ ಮರುವರ್ಷದ ಆರಂಭದಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಸೇರಿದ ಸ್ವಲ್ಪ ಕಾಲದಲ್ಲೇ, 1913ರ ಫೆಬ್ರವರಿ 2ರಂದು, ತಂದೆ ರಾಮ್‌ಜಿ ಸಕ್ಪಾಲರು ತೀರಿಕೊಂಡರು. ಪತ್ನಿ ರಮಾಬಾಯಿ ಮತ್ತು ಕೈಕೂಸು ಯಶವಂತ ಬೊಂಬಾಯಿಯಲ್ಲಿದ್ದರು. ಇಂಥ ಹೊತ್ತಿನಲ್ಲಿ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಅಮೆರಿಕದ ಉನ್ನತ ಶಿಕ್ಷಣಕ್ಕಾಗಿ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳ ವಿದ್ಯಾರ್ಥಿವೇತನವನ್ನು ಮಂಜೂರು ಮಾಡಿದರು. ಅದರ ಅವಧಿ 1913ರ ಜೂನ್ 15ರಿಂದ 1916ರ ಜೂನ್ 14ರವರೆಗೆ ಎಂದು ಗೊತ್ತುಮಾಡಲಾಗಿತ್ತು. ಜೂನ್ 4ರಂದು ಸಹಿಯಾದ ಕರಾರು ಪತ್ರದ ಪ್ರಕಾರ ಅಂಬೇಡ್ಕರ್ ಗೊತ್ತುಪಡಿಸಿದ ವಿಷಯಗಳನ್ನು ಓದಬೇಕಿತ್ತು ಮತ್ತು ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದಲ್ಲಿ ಸೇವೆ ಸಲ್ಲಿಸಬೇಕಿತ್ತು. ಸಯಾಜಿರಾಯರ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೂ ಅದು ಕಾಲದ ಗಡುವೂ ಸೇವೆಯ ಹೊಣೆಯೂ ಇದ್ದ ಸಹಾಯವಾಗಿತ್ತೆಂಬುದನ್ನು ಮರೆತರೆ ಆ ಮೂರು ವರ್ಷಗಳ ತುರ್ತು ಅರ್ಥವಾಗುವುದಿಲ್ಲ. ಅದೇ ಅಲ್ಪ ವೇತನದಲ್ಲಿ ಉಳಿಸಿ ಅವರು ಮನೆಗೂ ಹಣ ಕಳುಹಿಸುತ್ತಿದ್ದರು.

ಇಂದು ಕರ್ನಾಟಕದಿಂದ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೋಗುವ ವಿದ್ಯಾರ್ಥಿಗಳಲ್ಲಿ ಅನೇಕರನ್ನು ಕಟ್ಟಿಹಾಕುವ ಕರಾರು ಸಂಸ್ಥಾನದ್ದಲ್ಲ, ಬ್ಯಾಂಕಿನದು. ಮನೆಯನ್ನೋ ಜಮೀನನ್ನೋ ಅಡವಿಟ್ಟು ಪಡೆದ ಶಿಕ್ಷಣ ಸಾಲ, ತರಗತಿಗಳು ನಡೆಯುವ ದಿನಗಳಲ್ಲಿ ವಿಶ್ವವಿದ್ಯಾಲಯದ ಆವರಣದೊಳಗೆ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯಲು ಬಿಡದ ವಿದ್ಯಾರ್ಥಿ ವೀಸಾ, ಪದವಿಯ ನಂತರ ಒಂದು ವರ್ಷ ಮಾತ್ರ ಕೆಲಸ ಮಾಡಲು ಅವಕಾಶವಿರುವ, ವಿಜ್ಞಾನ ಮತ್ತು ತಂತ್ರಜ್ಞಾನ ಓದಿದವರಿಗಾದರೆ ಇನ್ನೂ ಎರಡು ವರ್ಷ ವಿಸ್ತರಣೆಯಾಗುವ ಪ್ರಾಯೋಗಿಕ ತರಬೇತಿಯ ನಿಯಮ, ಇವೆಲ್ಲ ಸೇರಿ ವಿದ್ಯಾರ್ಥಿ ಏನನ್ನು ಓದಬೇಕೆಂಬುದನ್ನು ಅವನು ವಿಮಾನ ಹತ್ತುವ ಮೊದಲೇ ತೀರ್ಮಾನಿಸಿಬಿಡುತ್ತವೆ. ಈ ಎರಡು ಕಾಲಗಳ ನಡುವೆ ಇನ್ನೊಂದು ಬಗೆಯ ದಾರಿಯೂ ಇತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜೇಶ್ವರಿ ಚಟರ್ಜಿ ಅವರು 1947ರಲ್ಲಿ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಮುಂದೆ ಅಲ್ಲಿಯದೇ ಆದ, ಏಷ್ಯಾದ ಮಹಿಳೆಯರಿಗೆಂದು ಸ್ಥಾಪಿತವಾದ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ 1953ರಲ್ಲಿ ಡಾಕ್ಟರೇಟ್ ಪಡೆದು, ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಮೈಕ್ರೋವೇವ್ ತಂತ್ರಜ್ಞಾನದ ಬೋಧನೆಗೆ ನೆಲೆ ಹಾಕಿದರು. ಸಾರ್ವಜನಿಕ ಹಣದಿಂದ ಓದಿದವರು ಸಾರ್ವಜನಿಕ ಸಂಸ್ಥೆಗೆ ಮರಳುವ ಆ ದಾರಿ ಈಗ ಬಹಳ ಕಿರಿದಾಗಿರುವುದು ನಾಡಿಗೆ ಆಗಿರುವ ನಷ್ಟವೇ ಸರಿ.

ನ್ಯೂಯಾರ್ಕಿಗೆ ಬಂದಿಳಿದಾಗ ಅಂಬೇಡ್ಕರ್ ಅವರಿಗೆ ಇಪ್ಪತ್ತೆರಡು ವರ್ಷ. ಮೊದಲು ಕೆಲವು ದಿನ ವಿಶ್ವವಿದ್ಯಾಲಯದ ಹಾರ್ಟ್‌ಲಿ ಹಾಲ್ ಎಂಬ ವಸತಿಗೃಹದಲ್ಲಿದ್ದರು. ಅಲ್ಲಿನ ಊಟ ಒಗ್ಗದೆ ಪಶ್ಚಿಮ 114ನೆಯ ಬೀದಿಯಲ್ಲಿದ್ದ ಕಾಸ್ಮೊಪಾಲಿಟನ್ ಕ್ಲಬ್ಬಿಗೆ ವಾಸ ಬದಲಿಸಿದರು. ಆಮೇಲೆ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ನವಲ್ ಭಾತೇನಾ ಎಂಬ ಪಾರಸಿ ವಿದ್ಯಾರ್ಥಿಯೊಡನೆ ಇದ್ದರು, ಆ ಗೆಳೆತನ ಜೀವನಪೂರ್ತಿ ಉಳಿಯಿತು. ಕಾಸ್ಮೊಪಾಲಿಟನ್ ಕ್ಲಬ್ಬುಗಳೆಂದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಸ್ಕಾನ್ಸಿನ್, ಕಾರ್ನೆಲ್ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿಕೊಂಡ, ಪರದೇಶದ ವಿದ್ಯಾರ್ಥಿಗಳೂ ಅಮೆರಿಕದ ವಿದ್ಯಾರ್ಥಿಗಳೂ ಒಟ್ಟಿಗೆ ಸೇರುತ್ತಿದ್ದ ಸಂಘಗಳು. ಅವುಗಳ ಅಗತ್ಯ ಎಷ್ಟಿತ್ತೆಂಬುದಕ್ಕೆ ಕೊಲಂಬಿಯಾದಲ್ಲೇ ನಡೆದ ಒಂದು ಸಂಗತಿ ಸಾಕ್ಷಿ. 1909ರಲ್ಲಿ ಹ್ಯಾರಿ ಎಡ್ಮಂಡ್ಸ್ ಎಂಬ ಯುವ ಕಾರ್ಯಕರ್ತರು ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲುಗಳ ಮೇಲೆ ಎದುರಾದ ಚೀನಾದ ವಿದ್ಯಾರ್ಥಿಯೊಬ್ಬನಿಗೆ ಶುಭೋದಯ ಹೇಳಿದಾಗ, ತಾನು ಈ ನಗರಕ್ಕೆ ಬಂದು ಮೂರು ವಾರವಾಯಿತು, ತನ್ನನ್ನು ಮಾತಾಡಿಸಿದವರಲ್ಲಿ ನೀವೇ ಮೊದಲಿಗರು ಎಂದು ಆತ ಉತ್ತರಿಸಿದನಂತೆ. ಎಡ್ಮಂಡ್ಸ್ ಅವರ ಪ್ರಯತ್ನದ ಫಲವಾಗಿ 1924ರಲ್ಲಿ ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಹೌಸ್ ತೆರೆಯಿತು. ದೊಡ್ಡ ನಗರದಲ್ಲಿ ಮಾತಿಲ್ಲದೆ ಕಳೆಯುವ ವಾರಗಳು ಪರದೇಶದ ವಿದ್ಯಾರ್ಥಿಗೆ ಅಂದೂ ಇಂದೂ ಹೊಸದಲ್ಲ.

ಅಂಬೇಡ್ಕರ್ ಅವರಿಗೆ ಈ ಒಂಟಿತನದ ಜೊತೆಗೇ ಇನ್ನೊಂದು ಅನುಭವವಾಯಿತು. ಯಾರೂ ಜಾತಿ ಕೇಳದ ಊಟದ ಮೇಜು, ಯಾರೂ ತಡೆಯದ ಗ್ರಂಥಾಲಯದ ಬಾಗಿಲು ಅವರಿಗೆ ಅಲ್ಲಿ ದಿನನಿತ್ಯದ ಸಂಗತಿಗಳಾದವು. ಯುರೋಪು ಅಮೆರಿಕಗಳಲ್ಲಿ ಕಳೆದ ವರ್ಷಗಳು ತಾವು ಅಸ್ಪೃಶ್ಯರೆಂಬ ಅರಿವನ್ನೇ ಮನಸ್ಸಿನಿಂದ ಅಳಿಸಿಹಾಕಿದ್ದವೆಂದು ಅವರು ಮುಂದೆ ಬರೆದರು. ಆದರೆ ಇದರಿಂದ ಅಮೆರಿಕ ಸಮಾನತೆಯ ನಾಡಾಗಿತ್ತೆಂಬ ತೀರ್ಮಾನಕ್ಕೆ ಹಾರುವುದು ತಪ್ಪು. ಕರಿಯರನ್ನು ಪ್ರತ್ಯೇಕವಾಗಿಡುವುದು ಸಂವಿಧಾನಬದ್ಧವೆಂದು 1896ರ ಪ್ಲೆಸ್ಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಆಗ ಜಾರಿಯಲ್ಲಿತ್ತು. ಅಧ್ಯಕ್ಷ ವುಡ್ರೊ ವಿಲ್ಸನ್ನರ ಸರ್ಕಾರ 1913ರಲ್ಲಿ ಕೇಂದ್ರ ಕಚೇರಿಗಳಲ್ಲೂ ಆ ಪ್ರತ್ಯೇಕತೆಯನ್ನು ವಿಸ್ತರಿಸಿತು. 1917ರ ವಲಸೆ ಕಾಯಿದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ಕಾರ್ಮಿಕರಿಗೆ ಬಾಗಿಲು ಮುಚ್ಚಿತು. ವಿಶ್ವವಿದ್ಯಾಲಯವಿದ್ದ ಮಾರ್ನಿಂಗ್‌ಸೈಡ್ ಹೈಟ್ಸ್ ಗುಡ್ಡದ ಕೆಳಗೆ ಹಾರ್ಲೆಮ್ ಕರಿಯರ ಬಡಾವಣೆಯಾಗಿ ಬೆಳೆಯುತ್ತಿತ್ತು. ಇದೆಲ್ಲ ಅಂಬೇಡ್ಕರ್ ಅವರ ಗಮನದಿಂದ ದೂರ ಉಳಿಯಲಿಲ್ಲವೆಂಬುದಕ್ಕೆ ಅವರು 1946ರಲ್ಲಿ ಕರಿಯರ ನಾಯಕ, ವಿದ್ವಾಂಸ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಬರೆದ ಪತ್ರ ಆಧಾರವಾಗಿದೆ. ಕರಿಯರ ಸಮಸ್ಯೆಯನ್ನು ತಾವು ಅಧ್ಯಯನ ಮಾಡಿಕೊಂಡು ಬಂದಿರುವುದಾಗಿಯೂ ಅವರಿಗೂ ಭಾರತದ ಅಸ್ಪೃಶ್ಯರಿಗೂ ಬಹಳ ಹೋಲಿಕೆಯಿದೆಯೆಂದೂ ಅದರಲ್ಲಿ ತಿಳಿಸಿ, ವಿಶ್ವಸಂಸ್ಥೆಗೆ ಕರಿಯರು ಸಲ್ಲಿಸಿದ್ದ ಮನವಿಯ ಪ್ರತಿಯನ್ನು ಕೇಳಿದ್ದರು.

ಓದಿನ ವಿಷಯಕ್ಕೆ ಬಂದರೆ, ಬೊಂಬಾಯಿಗೂ ಕೊಲಂಬಿಯಾಕ್ಕೂ ಇದ್ದ ಅಂತರ ದೊಡ್ಡದು. 1857ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಹುಟ್ಟಿದ ಬೊಂಬಾಯಿ ವಿಶ್ವವಿದ್ಯಾಲಯ ಮೂಲತಃ ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. ಗೊತ್ತುಪಡಿಸಿದ ಪಠ್ಯವನ್ನು ಕಾಲೇಜುಗಳು ಕಲಿಸುತ್ತಿದ್ದವು, ವಿದ್ಯಾರ್ಥಿ ಅದನ್ನು ಒಪ್ಪಿಸುತ್ತಿದ್ದ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಾದರೋ ವಿದ್ಯಾರ್ಥಿ ತನಗೆ ಬೇಕಾದ ತರಗತಿಗಳನ್ನು ತಾನೇ ಆರಿಸಿಕೊಳ್ಳಬಹುದಾದ ಐಚ್ಛಿಕ ಪದ್ಧತಿಯೂ, ಜರ್ಮನಿಯಿಂದ ಬಂದ ಸೆಮಿನಾರ್ ಪದ್ಧತಿಯೂ ಬೇರೂರಿದ್ದವು. ಸೆಮಿನಾರ್ ಎಂದರೆ ಕೆಲವೇ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಸುತ್ತ ಕುಳಿತು, ಸರದಿಯಂತೆ ತಮ್ಮ ಸಂಶೋಧನೆಯನ್ನು ಓದಿ, ಉಳಿದವರ ಪ್ರಶ್ನೆಗಳಿಗೆ ಉತ್ತರ ಕೊಡುವ ತರಗತಿ. ವಿಶ್ವವಿದ್ಯಾಲಯದ ದಾಖಲೆಗಳ ಪ್ರಕಾರ ಅಂಬೇಡ್ಕರ್ ತೆಗೆದುಕೊಂಡ ತರಗತಿಗಳಲ್ಲಿ 29 ಅರ್ಥಶಾಸ್ತ್ರದವು, 11 ಇತಿಹಾಸದವು, 6 ಸಮಾಜಶಾಸ್ತ್ರದವು, 5 ತತ್ತ್ವಶಾಸ್ತ್ರದವು, 4 ಮಾನವಶಾಸ್ತ್ರದವು, 3 ರಾಜ್ಯಶಾಸ್ತ್ರದವು. ಅರ್ಥಶಾಸ್ತ್ರದ ಈ ಮೇಲುಗೈಗೆ ಬರೋಡಾದ ಕರಾರೂ ಅವರ ಸ್ವಂತ ಒಲವೂ ಎರಡೂ ಕಾರಣವಾಗಿರಬೇಕು. ಆದರೆ ಅರ್ಥಶಾಸ್ತ್ರದ ಆ ರಾಶಿಯ ಪಕ್ಕದಲ್ಲಿ, ಕರಾರಿನ ದೃಷ್ಟಿಯಿಂದ ಯಾವ ಉಪಯೋಗವೂ ಇಲ್ಲದ ನಾಲ್ಕು ಮಾನವಶಾಸ್ತ್ರದ ತರಗತಿಗಳೂ ಐದು ತತ್ತ್ವಶಾಸ್ತ್ರದ ತರಗತಿಗಳೂ ನಿಂತಿರುವುದನ್ನು ಗಮನಿಸಬೇಕು. ಅವರ ಮುಂದಿನ ಬದುಕಿನ ಅರ್ಧ ಭಾಗ ಆ ಒಂಬತ್ತರಿಂದ ಬಂದದ್ದು.

ಆ ವರ್ಷಗಳ ಕೊಲಂಬಿಯಾದ ಅಧ್ಯಾಪಕ ಮಂಡಲಿಯಂಥದ್ದು ಯಾವ ವಿಶ್ವವಿದ್ಯಾಲಯಕ್ಕೂ ಪದೇ ಪದೇ ಒದಗುವಂಥದ್ದಲ್ಲ. ಅರ್ಥಶಾಸ್ತ್ರದಲ್ಲಿ ಸಾರ್ವಜನಿಕ ಹಣಕಾಸಿನ, ಅಂದರೆ ಸರ್ಕಾರ ತೆರಿಗೆ ಎತ್ತುವ ಮತ್ತು ವೆಚ್ಚ ಮಾಡುವ ಬಗೆಯ ಅಧ್ಯಯನದ, ಅಗ್ರಗಣ್ಯರಾದ ಎಡ್ವಿನ್ ಸೆಲಿಗ್‌ಮನ್ ಇದ್ದರು. ಇತಿಹಾಸವನ್ನು ದೊರೆಗಳ ಕಥೆಯಿಂದ ಬಿಡಿಸಿ ಸಾಮಾನ್ಯರ ಬದುಕು, ಆಲೋಚನೆ, ದುಡಿಮೆಗಳ ಚರಿತ್ರೆಯನ್ನಾಗಿಸಬೇಕೆಂದು 1912ರ ತಮ್ಮ ಪುಸ್ತಕದಲ್ಲಿ ವಾದಿಸಿದ ಜೇಮ್ಸ್ ಹಾರ್ವಿ ರಾಬಿನ್‌ಸನ್ ಇದ್ದರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸ್ಥಾಪನೆಗೆ ದುಡಿದ ಜೇಮ್ಸ್ ಶಾಟ್‌ವೆಲ್ ಇದ್ದರು. ಸಮಾಜಶಾಸ್ತ್ರದಲ್ಲಿ ಫ್ರಾಂಕ್ಲಿನ್ ಗಿಡ್ಡಿಂಗ್ಸ್, ತತ್ತ್ವಶಾಸ್ತ್ರದಲ್ಲಿ ಜಾನ್ ಡ್ಯೂಯಿ ಇದ್ದರು. ಸೆಲಿಗ್‌ಮನ್ನರ ಪ್ರಭಾವ ನೇರವಾಗಿ ಕಾಣುವಂಥದ್ದು. 1915ರಲ್ಲಿ ಎಂ.ಎ. ಪದವಿಗಾಗಿ ಬರೆದ ಪ್ರಬಂಧದ ವಿಷಯ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸು. ಅಲ್ಲಿಂದ ಹೊರಟ ದಾರಿ 1925ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಬ್ರಿಟಿಷ್ ಭಾರತದಲ್ಲಿ ಪ್ರಾಂತೀಯ ಹಣಕಾಸು ಬೆಳೆದು ಬಂದ ಬಗೆಯನ್ನು ಕುರಿತ ಗ್ರಂಥಕ್ಕೆ ತಲಪಿತು. 1833ರ ನಂತರ ಕಲ್ಕತ್ತದಲ್ಲಿ ಕೇಂದ್ರೀಕೃತವಾಗಿದ್ದ ಖಜಾನೆಯಿಂದ, 1871ರಲ್ಲಿ ಲಾರ್ಡ್ ಮೇಯೊ ತಂದ ಸುಧಾರಣೆಯ ಮೂಲಕ, ಪ್ರಾಂತ್ಯಗಳ ಕೈಗೆ ಹಣ ಹಂತಹಂತವಾಗಿ ಹೇಗೆ ಬಂತೆಂಬುದನ್ನು ಅದು ಬಿಡಿಸಿಡುತ್ತದೆ. ಸೆಲಿಗ್‌ಮನ್ ಅದಕ್ಕೆ ಮುನ್ನುಡಿ ಬರೆದರು, ಅಂಬೇಡ್ಕರ್ ಅದನ್ನು ಸಯಾಜಿರಾಯರಿಗೆ ಅರ್ಪಿಸಿದರು. ಕೇಂದ್ರ ಮತ್ತು ರಾಜ್ಯಗಳ ತೆರಿಗೆ ಹಂಚಿಕೆಯ ಬಗ್ಗೆ ಕರ್ನಾಟಕದಲ್ಲಿ ಇಂದು ನಡೆಯುತ್ತಿರುವ ಬಿಸಿ ಚರ್ಚೆಯಲ್ಲಿ ಈ ಪುಸ್ತಕದ ಹೆಸರು ಬರದಿರುವುದು ವಿಷಾದದ ಸಂಗತಿ.

ಡ್ಯೂಯಿ ಅವರ ಪ್ರಭಾವ ಇದಕ್ಕಿಂತ ಆಳದಲ್ಲಿ ಹರಿಯಿತು. ಪ್ರಾಗ್ಮಾಟಿಸಂ ಎಂದು ಕರೆಯಲಾಗುವ ಅವರ ತತ್ತ್ವದ ಪ್ರಕಾರ ಒಂದು ವಿಚಾರದ ಬೆಲೆಯನ್ನು ಅದು ಎಷ್ಟು ಹಳೆಯದು, ಯಾರು ಹೇಳಿದ್ದು ಎಂಬುದರಿಂದ ಅಳೆಯದೆ, ಬದುಕಿನಲ್ಲಿ ಅದು ಉಂಟುಮಾಡುವ ಪರಿಣಾಮಗಳಿಂದ ಅಳೆಯಬೇಕು. ರೂಢಿಗಳೂ ಸಂಸ್ಥೆಗಳೂ ಪರೀಕ್ಷೆಗೆ ಒಳಪಡಬೇಕಾದ ಊಹೆಗಳೇ ಹೊರತು ಅಂತಿಮ ಸತ್ಯಗಳಲ್ಲ. ಪ್ರಜಾಪ್ರಭುತ್ವವೆಂದರೆ ಸರ್ಕಾರ ನಡೆಸುವ ಒಂದು ವಿಧಾನ ಮಾತ್ರವಲ್ಲ, ಅದು ಜನ ಪರಸ್ಪರ ಅನುಭವ ಹಂಚಿಕೊಂಡು ಕೂಡಿ ಬಾಳುವ ರೀತಿ ಎಂಬ ಅವರ ಮಾತು 1916ರಲ್ಲಿ ಪ್ರಕಟವಾದ ಶಿಕ್ಷಣ ಕುರಿತ ಅವರ ಗ್ರಂಥದ ತಿರುಳು. ಇಪ್ಪತ್ತು ವರ್ಷಗಳ ನಂತರ ಅಂಬೇಡ್ಕರ್ ‘ಜಾತಿ ವಿನಾಶ’ ಎಂಬ ಕೃತಿಯಲ್ಲಿ ಡ್ಯೂಯಿ ಅವರನ್ನು ತಮ್ಮ ಗುರುವೆಂದು ಹೆಸರಿಸಿ, ಅವರಿಗೆ ತಾವು ಬಹಳ ಋಣಿಯೆಂದು ಹೇಳಿ, ಈ ಕಲ್ಪನೆಯನ್ನೇ ಹಿಂದೂ ಸಮಾಜಕ್ಕೆ ಅನ್ವಯಿಸಿದರು.

ಇಷ್ಟಾದರೂ ಆ ಮೂರು ವರ್ಷಗಳ ತಿರುವಿನ ಬಿಂದುವನ್ನು ಹುಡುಕಬೇಕಾದದ್ದು 1916ರ ಮೇ 9ರಂದು ಮಾನವಶಾಸ್ತ್ರದ ಒಂದು ಸೆಮಿನಾರಿನಲ್ಲಿ. ಅದನ್ನು ನಡೆಸುತ್ತಿದ್ದವರು ಕೀವ್ ನಗರದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದ ಅಲೆಕ್ಸಾಂಡರ್ ಗೋಲ್ಡನ್‌ವೈಸರ್. ಮನುಷ್ಯ ಜನಾಂಗಗಳ ನಡುವೆ ಹುಟ್ಟಿನಿಂದ ಬಂದ ಮೇಲುಕೀಳು ಇದೆಯೆಂಬ ನಂಬಿಕೆಯನ್ನು ವಿಜ್ಞಾನದ ನೆಲೆಯಲ್ಲೇ ಪ್ರಶ್ನಿಸಿದ ಫ್ರಾಂಜ್ ಬೋವಾಸ್ ಅವರ ಶಿಷ್ಯರು ಅವರು. ಅಂದು ಇಪ್ಪತ್ತೈದು ವರ್ಷದ ಅಂಬೇಡ್ಕರ್ ಓದಿದ ಪ್ರಬಂಧ ಭಾರತದ ಜಾತಿಗಳ ಕಾರ್ಯವಿಧಾನ, ಹುಟ್ಟು ಮತ್ತು ಬೆಳವಣಿಗೆಗಳನ್ನು ಕುರಿತದ್ದು. ಅದು ಮರುವರ್ಷದ ಮೇ ತಿಂಗಳಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾಯಿತು, ಈಗ ಕನ್ನಡದಲ್ಲೂ ದೊರೆಯುತ್ತದೆ. ನಾಗರಿಕತೆಯ ವಸ್ತುಗಳನ್ನು ಜೋಡಿಸಿಡುವ ವಸ್ತುಪ್ರದರ್ಶನಗಳನ್ನು ಕೇಳುಗರಿಗೆ ನೆನಪಿಸಿ, ಮನುಷ್ಯರ ಸಂಸ್ಥೆಗಳನ್ನೂ ಹಾಗೆ ಪ್ರದರ್ಶನಕ್ಕಿಟ್ಟು ನೋಡುವುದು ಸಾಧ್ಯವೆಂಬ ಮಾತಿನಿಂದ ಪ್ರಬಂಧ ಆರಂಭವಾಗುತ್ತದೆ. ಸೆನಾರ್ಟ್, ನೆಸ್‌ಫೀಲ್ಡ್, ರಿಸ್ಲಿ, ಕೇತ್ಕರ್ ಎಂಬ ನಾಲ್ವರು ವಿದ್ವಾಂಸರ ವ್ಯಾಖ್ಯಾನಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ, ಜಾತಿಯನ್ನು ಜಾತಿಯಾಗಿಸುವ ಏಕೈಕ ಲಕ್ಷಣ ಒಳಬಾಂಧವ್ಯ ವಿವಾಹ, ಎಂದರೆ ಗುಂಪಿನೊಳಗೇ ಹೆಣ್ಣು ಗಂಡು ತರುವ ಕಟ್ಟುಪಾಡು ಎಂಬ ತೀರ್ಮಾನಕ್ಕೆ ಅದು ಬರುತ್ತದೆ.

ಇದರ ವಾದಸರಣಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಭಾರತದ ಸಮಾಜದ ಮೂಲ ನಿಯಮ ಗೋತ್ರ ಮತ್ತು ಸಪಿಂಡ ಸಂಬಂಧಗಳ ಹೊರಗೆ ಮದುವೆಯಾಗುವುದು. ಅಂಥ ಸಮಾಜದಲ್ಲಿ ಒಂದು ಗುಂಪು ತನ್ನ ಸುತ್ತ ಬೇಲಿ ಹಾಕಿಕೊಳ್ಳಬೇಕಾದರೆ ಗುಂಪಿನೊಳಗೆ ಮದುವೆಯಾಗಬಲ್ಲ ಹೆಣ್ಣು ಗಂಡುಗಳ ಸಂಖ್ಯೆ ಸಮನಾಗಿರಬೇಕು. ಗಂಡ ಸತ್ತರೆ ಒಬ್ಬ ಹೆಂಗಸು ಹೆಚ್ಚುವರಿಯಾಗುತ್ತಾಳೆ. ಅವಳು ಹೊರಗೆ ಮದುವೆಯಾದರೆ ಬೇಲಿ ಮುರಿಯುತ್ತದೆ, ಒಳಗೆ ಮದುವೆಯಾದರೆ ಇನ್ನೊಬ್ಬ ಕನ್ಯೆಯ ವರನನ್ನು ಕಸಿದುಕೊಂಡಂತಾಗುತ್ತದೆ. ಆದ್ದರಿಂದ ಅವಳನ್ನು ಗಂಡನ ಚಿತೆಯಲ್ಲಿ ಸುಡುವ ಸಹಗಮನವೂ, ಬದುಕಿಸಿದರೆ ಕಡ್ಡಾಯ ವೈಧವ್ಯವೂ ರೂಢಿಗೆ ಬಂದವು. ಹೆಂಡತಿ ಸತ್ತ ಗಂಡಸನ್ನು ಹಾಗೆ ಸುಡಲು ಗುಂಪು ಒಪ್ಪುವುದಿಲ್ಲ, ಅವನ ಮೇಲೆ ಬಲವಂತದ ಬ್ರಹ್ಮಚರ್ಯ ಹೇರಿದರೂ ಅದು ನಿಲ್ಲುವುದಿಲ್ಲ. ಆದ್ದರಿಂದ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯರ ಸಾಲಿನಿಂದ ಅವನಿಗೆ ಹೆಣ್ಣು ತರುವ ಬಾಲ್ಯವಿವಾಹ ಬಂತು. ಧರ್ಮದ ಹೆಸರಿನಲ್ಲಿ ವೈಭವೀಕರಿಸಲ್ಪಟ್ಟ ಮೂರು ಪದ್ಧತಿಗಳನ್ನು ಒಂದೇ ಸಾಮಾಜಿಕ ಯಂತ್ರದ ಭಾಗಗಳನ್ನಾಗಿ ಬಿಚ್ಚಿ ತೋರಿಸಿದ ಈ ವಿಶ್ಲೇಷಣೆ ಬರೆದು ನೂರು ವರ್ಷ ಕಳೆದರೂ ತನ್ನ ಹರಿತವನ್ನು ಕಳೆದುಕೊಂಡಿಲ್ಲ. ಮನು ಜಾತಿಯನ್ನು ಸೃಷ್ಟಿಸಲಿಲ್ಲ, ಮೊದಲೇ ಇದ್ದುದಕ್ಕೆ ಶಾಸ್ತ್ರದ ರೂಪ ಕೊಟ್ಟ; ಮೊದಲು ಬಾಗಿಲು ಮುಚ್ಚಿಕೊಂಡ ಗುಂಪು ಪುರೋಹಿತ ವರ್ಗ, ಉಳಿದವರಲ್ಲಿ ಕೆಲವರು ಅದನ್ನು ಅನುಕರಿಸಿ ಮುಚ್ಚಿಕೊಂಡರು, ಮತ್ತೆ ಕೆಲವರು ತಾವು ಹೊರಗೆ ಉಳಿದಿರುವುದನ್ನು ಕಂಡುಕೊಂಡರು ಎಂದು ಅದು ಮುಂದುವರಿಯುತ್ತದೆ; ಅನುಕರಣೆಯ ನಿಯಮಗಳನ್ನು ಅದು ಫ್ರೆಂಚ್ ಸಮಾಜಶಾಸ್ತ್ರಜ್ಞ ಗೇಬ್ರಿಯಲ್ ಟಾರ್ಡ್ ಅವರಿಂದ ಪಡೆದುಕೊಳ್ಳುತ್ತದೆ.

ಈ ಪ್ರಬಂಧದಲ್ಲಿ ಬರೆದವರ ಹುಟ್ಟಿನ ಬಗ್ಗೆ ಒಂದು ಮಾತೂ ಇಲ್ಲ. ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂತು ಕಲಿತ, ಜವಾನ ಇಲ್ಲದ ದಿನ ಬಾಯಾರಿ ಉಳಿಯಬೇಕಾಗಿದ್ದ ಹುಡುಗನೇ ಇದರ ಕರ್ತೃವೆಂದು ಆ ಕೊಠಡಿಯಲ್ಲಿ ಕೂತವರು ಬರಹದಿಂದ ಊಹಿಸುವಂತಿರಲಿಲ್ಲ. ಈ ವಿಷಯದಲ್ಲಿ ಭಾವುಕತೆಯನ್ನು ದೂರವಿಟ್ಟು ವಸ್ತುನಿಷ್ಠವಾಗಿ ನೋಡಬೇಕೆಂದು ಅವರೇ ಅದರಲ್ಲಿ ಹೇಳುತ್ತಾರೆ. ತಮ್ಮ ಸಿದ್ಧಾಂತ ನಿಲ್ಲಲಾರದ್ದೆಂದು ಯಾರಾದರೂ ತೋರಿಸಿದರೆ ಅದನ್ನು ಬಿಟ್ಟುಕೊಡಲು ಸಿದ್ಧರೆಂದು ಹೇಳಿ ಮುಗಿಸುತ್ತಾರೆ. ಇದನ್ನು ಹಿಂಜರಿಕೆಯೆಂದು ಓದಿದವರಿದ್ದಾರೆ. ಆದರೆ ಅನುಭವವನ್ನು ಮರೆಮಾಡುವುದಕ್ಕೂ ಅದನ್ನು ವಾದದ ಬಲವನ್ನಾಗಿ ಮಾರ್ಪಡಿಸುವುದಕ್ಕೂ ವ್ಯತ್ಯಾಸವಿದೆ. ಅದುವರೆಗೆ ವಸಾಹತು ಅಧಿಕಾರಿಗಳೂ ಮೇಲ್ಜಾತಿಯ ವಿದ್ವಾಂಸರೂ ಅಧ್ಯಯನದ ವಸ್ತುವನ್ನಾಗಿ ಕಂಡಿದ್ದ ಸಮುದಾಯದಿಂದ ಬಂದವರೊಬ್ಬರು ಅದೇ ವಿದ್ವಾಂಸರನ್ನು ಸಾಲಾಗಿ ನಿಲ್ಲಿಸಿ ತಪ್ಪು ತೋರಿಸಿದ್ದು ಆ ದಿನದ ನಿಜವಾದ ಸುದ್ದಿ. ಪ್ರಬಂಧಕ್ಕೆ ಮಿತಿಗಳೂ ಇವೆ: ಅಸ್ಪೃಶ್ಯತೆಯ ಪ್ರಶ್ನೆಯನ್ನೇ ಅದು ಎತ್ತಿಕೊಳ್ಳುವುದಿಲ್ಲ, ಭೂಮಿ ಮತ್ತು ದುಡಿಮೆಗಳ ಮೇಲಿನ ಹಿಡಿತ ಅದರ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ರೋಗನಿದಾನ ಆಗಲೇ ಆಗಿತ್ತು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕಾಗಿ ಬರೆದು, ಅಲ್ಲಿ ಓದಲು ಅವಕಾಶ ಸಿಗದೆ ತಾವೇ ಅಚ್ಚುಹಾಕಿಸಿದ ‘ಜಾತಿ ವಿನಾಶ’ದಲ್ಲಿ ಅವರು ಅಂತರ್ಜಾತಿ ವಿವಾಹವನ್ನೂ, ಅದಕ್ಕೆ ಅಡ್ಡಿಯಾದ ಶಾಸ್ತ್ರಪ್ರಾಮಾಣ್ಯದ ನಿರಾಕರಣೆಯನ್ನೂ ಪರಿಹಾರವಾಗಿ ಮುಂದಿಟ್ಟದ್ದು 1916ರ ನಿದಾನದಿಂದ ತರ್ಕಬದ್ಧವಾಗಿ ಹೊಮ್ಮಿದ ಫಲ.

ವಿದ್ಯಾರ್ಥಿವೇತನದ ಗಡುವು ಮುಗಿಯುತ್ತಿದ್ದಂತೆ, ಮಹಾಯುದ್ಧ ನಡೆಯುತ್ತಿದ್ದಾಗಲೇ, ಅಂಬೇಡ್ಕರ್ ಅಟ್ಲಾಂಟಿಕ್ ದಾಟಿ ಲಂಡನ್ನಿನ ಅರ್ಥಶಾಸ್ತ್ರ ಶಾಲೆಗೆ ಸೇರಿದರು. 1917ರಲ್ಲಿ ಬರೋಡಾ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಅವರ ಸಾಮಾನುಗಳಿದ್ದ ಹಡಗು ಜಲಾಂತರ್ಗಾಮಿಯ ದಾಳಿಯಲ್ಲಿ ಮುಳುಗಿತು. ನ್ಯೂಯಾರ್ಕಿನ ಹಳೆಯ ಪುಸ್ತಕದಂಗಡಿಗಳಲ್ಲಿ ಅವರು ಸುಮಾರು ಎರಡು ಸಾವಿರ ಗ್ರಂಥಗಳನ್ನು ಕೊಂಡಿದ್ದರೆಂದೂ, ಊರಿಗೆ ಸಾಗಿಸುವಾಗ ಅವುಗಳಲ್ಲಿ ಅನೇಕವು ಕೈತಪ್ಪಿದವೆಂದೂ ಜೀವನಚರಿತ್ರೆಕಾರ ಧನಂಜಯ ಕೀರ್ ದಾಖಲಿಸಿದ್ದಾರೆ. ಬರೋಡಾದಲ್ಲಿ ಕಾದಿದ್ದ ಅವಮಾನವನ್ನು ಅಂಬೇಡ್ಕರ್ ತಾವೇ ಬರೆದಿಟ್ಟಿದ್ದಾರೆ. ಕೊಲಂಬಿಯಾದಲ್ಲಿ ಓದಿ ಬಂದ ಅಧಿಕಾರಿಗೆ ಆ ಊರಿನಲ್ಲಿ ಬಾಡಿಗೆ ಮನೆ ಸಿಗಲಿಲ್ಲ, ಪಾರಸಿ ಹೆಸರಿನಲ್ಲಿ ತಂಗಿದ್ದ ಛತ್ರದಿಂದ ದೊಣ್ಣೆ ಹಿಡಿದು ಬಂದ ಗುಂಪು ಅವರನ್ನು ಹೊರಹಾಕಿತು. ಹತ್ತು ವರ್ಷದ ಕರಾರು ಕೆಲವೇ ತಿಂಗಳುಗಳಲ್ಲಿ ಮುರಿದುಬಿದ್ದದ್ದು ಹೀಗೆ.

ಪಿಎಚ್.ಡಿ. ಪದವಿ ಅವರ ಕೈಸೇರಿದ್ದು 1927ರಲ್ಲಿ. ಈ ತಡಕ್ಕೆ ಕಾರಣ ಕೊಲಂಬಿಯಾದ ಅಂದಿನ ನಿಯಮ: ಪ್ರಬಂಧ ಒಪ್ಪಿಗೆಯಾದರೆ ಸಾಲದು, ಅದನ್ನು ಅಚ್ಚುಹಾಕಿಸಿ ಗೊತ್ತಾದಷ್ಟು ಪ್ರತಿಗಳನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಮೇಲೆಯೇ ಪದವಿ. ಡ್ಯೂಯಿ ಅವರ ಬಳಿ ಓದಲು 1915ರಲ್ಲಿ ಕೊಲಂಬಿಯಾಕ್ಕೆ ಬಂದು, ಮುಂದೆ ಚೀನಾದ ಆಡುಮಾತಿನ ಸಾಹಿತ್ಯ ಚಳವಳಿಯ ಮುಂದಾಳಾದ ಹೂ ಶಿ ಅವರಿಗೂ ಇದೇ ಕಾರಣದಿಂದ ಅದೇ 1927ರಲ್ಲಿ ಪದವಿ ದೊರೆಯಿತು. ದೂರದೇಶದ ಬಡ ವಿದ್ಯಾರ್ಥಿಗಳಿಗೆ ಮುದ್ರಣದ ವೆಚ್ಚ ಹೊರಿಸಿದ ಈ ನಿಯಮ ಕಠಿಣವಾದದ್ದೇ. ಏಷ್ಯಾದ ಎರಡು ದೊಡ್ಡ ಸಮಾಜಗಳನ್ನು ಕದಲಿಸಿದ ಇಬ್ಬರು ಹತ್ತು ವರ್ಷ ಆ ಪದವಿಯಿಲ್ಲದೆಯೇ ತಮ್ಮ ಕೆಲಸ ನಡೆಸಿದರು. 1952ರ ಜೂನ್ 5ರಂದು ಕೊಲಂಬಿಯಾ ಅಂಬೇಡ್ಕರ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಡ್ಯೂಯಿ ಅದಕ್ಕೆ ಕೆಲವೇ ದಿನ ಮೊದಲು, ಜೂನ್ 1ರಂದು, ತೀರಿಕೊಂಡಿದ್ದರು.

1916ರ ಪ್ರಬಂಧದಲ್ಲಿ ಕೇತ್ಕರರಿಂದ ಎತ್ತಿಕೊಂಡ ಒಂದು ಎಚ್ಚರಿಕೆಯಿದೆ: ಹಿಂದೂಗಳು ಜಗತ್ತಿನ ಬೇರೆ ಭಾಗಗಳಿಗೆ ವಲಸೆ ಹೋದರೆ ಜಾತಿ ಜಗತ್ತಿನ ಸಮಸ್ಯೆಯಾಗುತ್ತದೆ. ಕೇತ್ಕರ್ ಕೂಡ ಅಮೆರಿಕದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಓದಿದವರು. 2023–24ರಲ್ಲಿ ಅಮೆರಿಕದಲ್ಲಿ ದಾಖಲಾಗಿದ್ದ ಭಾರತದ ವಿದ್ಯಾರ್ಥಿಗಳ ಸಂಖ್ಯೆ 3,31,602. ಬೇರಾವ ದೇಶದಿಂದಲೂ ಅಷ್ಟು ಮಂದಿ ಬಂದಿರಲಿಲ್ಲ. 2019ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಬ್ರಾಂಡೈಸ್ ವಿಶ್ವವಿದ್ಯಾಲಯ ತಾರತಮ್ಯ ನಿಷೇಧದ ತನ್ನ ನಿಯಮಗಳಲ್ಲಿ ಜಾತಿಯನ್ನು ಸೇರಿಸಿತು, 2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯಗಳ ಇಡೀ ಸಮೂಹ ಅದನ್ನು ಅನುಸರಿಸಿತು, 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಕಾನೂನನ್ನೇ ಮಾಡಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ್ದ ಇಂಥದೇ ಮಸೂದೆಯನ್ನು ಈಗಿರುವ ಕಾನೂನುಗಳೇ ಸಾಕೆಂದು ಗವರ್ನರ್ ತಿರಸ್ಕರಿಸಿದರು. ಪರವಿರೋಧದ ಈ ಚರ್ಚೆ ಬಹುಪಾಲು ಕೊಠಡಿ ಹಂಚಿಕೊಳ್ಳುವಾಗಿನ, ಕೆಲಸ ಕೊಡುವಾಗಿನ ತಾರತಮ್ಯದ ಸುತ್ತ ನಡೆಯುತ್ತಿದೆ, ಅದು ನಡೆಯಲೇಬೇಕು. ಆದರೆ ಅಂಬೇಡ್ಕರ್ ಅವರ ಪ್ರಬಂಧ ಬೆರಳು ಮಾಡಿದ ಜಾಗ ಮದುವೆಯದು. ಅಮೆರಿಕದಲ್ಲಿ ಓದು ಮುಗಿಸಿ ಅಲ್ಲೇ ನೆಲೆಸುವ ಕನ್ನಡದ ಹುಡುಗ ಹುಡುಗಿಯರಿಗಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಇಂದಿಗೂ ಜಾತಿ ಉಪಜಾತಿಗಳನ್ನು ನಮೂದಿಸಿ ವಧೂವರರನ್ನು ಹುಡುಕಲಾಗುತ್ತಿದೆ, ಮತ್ತು ಯಾವ ವಿಶ್ವವಿದ್ಯಾಲಯದ ನಿಯಮವೂ ಅಲ್ಲಿಗೆ ತಲಪುವುದಿಲ್ಲ.